ಚಿತ್ತಮ್ಮ ಕಟ್ಟಿದ ಬೆಲೆ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಷೇರು ಪೇಟೆಯಲ್ಲಿ ಕೋಟಿಗಟ್ಟಲೆ ಗಳಿಸಿದ ಹೆಂಗಸೊಬ್ಬಳ ಕತೆಯನ್ನು ಹೇಳಬೇಕಾದವರು ಆ ವ್ಯವಹಾರ ಬಲ್ಲವರು. ಅವರು ಇಲ್ಲಿಯವರೆಗೆ ಹೇಳಲಿಲ್ಲ. ಹಿರಿಯೂರಿನಲ್ಲಿ ಹೇಳುವವರೆಲ್ಲ ಒಂದೋ ಚಿತ್ತಮ್ಮನಿಗೆ ನಿಧಿ ಸಿಕ್ಕಿತ್ತು ಅನ್ನುತ್ತಾರೆ, ಇಲ್ಲವೇ ಅವಳು ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಅನ್ನುತ್ತಾರೆ. ಎರಡೂ ನಿಜವಲ್ಲ ಎಂದು ಹೇಳುವುದಕ್ಕಾದರೂ ಯಾರಾದರೂ ಬಾಯಿ ಬಿಡಬೇಕಲ್ಲ. ಲೆಕ್ಕಾಚಾರದಲ್ಲಿ ತಪ್ಪು ಕಂಡರೆ ಅದು ಹೇಳಿದವರ ತಪ್ಪು, ಚಿತ್ತಮ್ಮನದಲ್ಲ.

ಚಿತ್ತಮ್ಮ ದನದ ದಲ್ಲಾಳಿ ಬೋರಯ್ಯನ ಹಿರಿಮಗಳು. ಬೋರಯ್ಯ ಸಂತೆಯಿಂದ ಸಂತೆಗೆ ತಿರುಗಿ ಎತ್ತು ಕೊಡಿಸುವವನು, ಮಾರಿಸುವವನು. ಹೆಣ್ಣುಮಕ್ಕಳಿಬ್ಬರನ್ನೂ ಚಿಕ್ಕಂದಿನಲ್ಲಿ ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ಜನ ಎತ್ತಿನ ಮೈಮೇಲಿನ ಸುಳಿ ಹುಡುಕುವುದನ್ನು ಚಿತ್ತಮ್ಮ ನೋಡಿದ್ದು ಅಲ್ಲೇ. ಕೆಲವು ಸುಳಿ ಮನೆಗೆ ಸಾವು ತರುತ್ತವೆ ಎಂಬ ನಂಬಿಕೆ. ಅಂಥ ಸುಳಿಯ ಎತ್ತಿಗೆ ಹಲ್ಲು ಸರಿಯಿರಲಿ, ಗೊರಸು ಗಟ್ಟಿಯಿರಲಿ, ಅರ್ಧ ಬೆಲೆಯೂ ಹುಟ್ಟುತ್ತಿರಲಿಲ್ಲ. ಬೋರಯ್ಯ ಅಂಥವನ್ನೇ ಹುಡುಕಿ, ನೊಗಕ್ಕೆ ಕಟ್ಟಿ, ಒಂದು ಸಾಲು ಹೊಡೆಸಿ ನೋಡಿ, ತನ್ನ ಮನೆಗೆ ಕೊಳ್ಳುತ್ತಿದ್ದ.

"ಸುಳಿ ಬ್ಯಾರೆ, ರೋಗ ಬ್ಯಾರೆ ಕಣವ್ವ," ಅನ್ನುತ್ತಿದ್ದ ಮಗಳಿಗೆ. "ಸುಳಿ ಜನರ ಕಣ್ಣಾಗಿರ್ತೈತೆ. ರೋಗ ಎತ್ತಿನ ಮೈಯಾಗಿರ್ತೈತೆ."

ಚಿತ್ತಮ್ಮ ಓದಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಳು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ಅದು. ಯಾರ ಮಾತನ್ನೂ ಅವಳು ಕದ್ದು ಕೇಳಲಿಲ್ಲ, ಆ ವಿಷಯದಲ್ಲಿ ಕಡುನಿಷ್ಠೆ. ಆದರೆ ಫೋನಿಗಾಗಿ ಹಗಲೆಲ್ಲ ಪರದಾಡುವ ವ್ಯಾಪಾರಿಗಳ ಮುಖಗಳನ್ನು ನೋಡಿ, ಈ ದೇಶಕ್ಕೆ ಇನ್ನೆಷ್ಟು ತಂತಿ ಬೇಕಾದೀತು ಎಂದು ಯೋಚಿಸಿದಳು. ಕೇಬಲ್ ತಯಾರಿಸುವ ಒಂದು ಕಂಪನಿಯ ಷೇರು ಕೊಂಡಳು. ಆ ವರ್ಷ ಅದರ ಕಾರ್ಖಾನೆಯಲ್ಲಿ ಮುಷ್ಕರ, ಷೇರು ಮೂಸುವವರಿರಲಿಲ್ಲ. ಮುಷ್ಕರವನ್ನು ಅವಳು ಸುಳಿ ಎಂದು ಬಗೆದಳು. ಅಲ್ಲಿಂದ ಶುರು.

ಅವಳ ವಿಧಾನ ಇಷ್ಟೇ, ಕೇಳಿದವರಿಗೆಲ್ಲ ಹೇಳಿದ್ದಾಳೆ, ಯಾರೂ ನಂಬುವುದಿಲ್ಲ. ಜನ ಹೆದರಿ ಬಿಟ್ಟದ್ದನ್ನು ನೋಡು. ಹೆದರಿಕೆಗೆ ಕಾರಣ ಮೈಯಲ್ಲಿದೆಯೋ ಕಣ್ಣಲ್ಲಿದೆಯೋ ಎಂದು ಸ್ವತಃ ಹೋಗಿ ಕೇಳು. ಸಾಲ ಮಾಡಿ ಕೊಳ್ಳಬೇಡ. ಕೊಂಡ ಮೇಲೆ ಸುಮ್ಮನಿರು. ಟಿ.ವಿ.ಯಲ್ಲಿ ಷೇರಿನ ಅಂಕಿಗಳು ಓಡುವಾಗ ಅವಳು ಚಾನೆಲ್ ಬದಲಿಸುತ್ತಿದ್ದಳು. "ಎತ್ತು ಕೊಂಡ ಮ್ಯಾಲೆ ದಿನಾ ಅದರ ಬೆಲೆ ಕೇಳ್ತಾರೇನ್ರಿ? ಉಳ್ತೈತಾ ಇಲ್ವಾ ನೋಡ್ತಾರೆ," ಅನ್ನುತ್ತಿದ್ದಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ಬಂದೋರೆಲ್ಲ ಬೆಲೆ ಜಾಸ್ತಿ ಹೇಳಿದ್ರು" ಎಂದು ನಕ್ಕುಬಿಡುತ್ತಿದ್ದಳು. ವರ್ಷಗಳು ಕಳೆದಂತೆ ಆದಾಯ ತೆರಿಗೆಯವರೇ ಒಮ್ಮೆ ಮನೆಗೆ ಬಂದು, ಹಂಚಿನ ಮನೆ ನೋಡಿ, ವಿಳಾಸ ತಪ್ಪಿತೇನೋ ಎಂದು ಪಕ್ಕದ ಮನೆಯವರನ್ನು ಕೇಳಿದ್ದರಂತೆ.

ಹೆದ್ದಾರಿ ಅಗಲವಾದಾಗ ಬೋರಯ್ಯನ ಹೊಲ ರಸ್ತೆಗೆ ಹೋಯಿತು. ಪರಿಹಾರದ ಹಣ ಇಬ್ಬರು ಹೆಣ್ಣುಮಕ್ಕಳಿಗೂ ಬಂತು. ತಂಗಿ ಅನುಸೂಯಳನ್ನು ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಕೊಟ್ಟಿತ್ತು. ಗಂಡ ಓಬಳೇಶ್ ತೆಂಗು ಬೆಳೆಗಾರ, ದುಡಿಮೆಗಾರ. ಅವಳ ಪಾಲನ್ನೂ ತನ್ನ ಪಾಲನ್ನೂ ಸೇರಿಸಿ ಚಿತ್ತಮ್ಮ ಮೇದಿನಿ ಪಂಪ್ಸ್ ಎಂಬ ಕಂಪನಿಯ ಷೇರು ಕೊಂಡಳು. ಕೊಳವೆಬಾವಿಗೆ ಇಳಿಸುವ ಮೋಟರು ಮಾಡುವ ಕಂಪನಿ. ಅನುಸೂಯಳದು ಅನುಸೂಯಳ ಹೆಸರಿನಲ್ಲೇ. ಮನೆ, ತೋಟ, ಟ್ರ್ಯಾಕ್ಟರು, ಗ್ಯಾಸ್ ಸಿಲಿಂಡರ್ ಸಹ ಗಂಡನ ಹೆಸರಿನಲ್ಲಿ. ಈ ಲೋಕದಲ್ಲಿ ಅನುಸೂಯಳ ಹೆಸರಿಗೆ ಇದ್ದದ್ದು ಅದೊಂದೇ.

ಷೇರು ಏರುತ್ತಿದ್ದಷ್ಟು ವರ್ಷವೂ ಓಬಳೇಶ್ ಊರಿನಲ್ಲಿ "ನಮ್ಮ ಷೇರು" ಅನ್ನುತ್ತಿದ್ದ. ಹೋದ ವರ್ಷ ಕಂಪನಿ ಕಟ್ಟಿದ ಮುದುಕ ತೀರಿಕೊಂಡು, ಅವನ ಮಕ್ಕಳಿಬ್ಬರು ಕೋರ್ಟಿಗೆ ಹೋದರು. ಬೆಲೆ ಅರ್ಧಕ್ಕೆ ಬಿತ್ತು. ಅಂದಿನಿಂದ ಅದು "ನಿಮ್ಮಕ್ಕನ ಷೇರು" ಆಯಿತು.

"ಭಾನುವಾರ ಬರ್ತೀವಿ. ಸೋಮವಾರ ಬೆಳಗ್ಗೆ ಮಾರಾದೇ," ಎಂದು ಫೋನಿನಲ್ಲಿ ಹೇಳಿದ.

ಚಿತ್ತಮ್ಮ ಬ್ಯಾಗಿಗೆ ನೀರಿನ ಬಾಟಲಿ ಹಾಕಿಕೊಂಡು ಬಸ್ ಹತ್ತಿದಳು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಂಡಕ್ಟರಿಗೆ ಅವಳ ಗುರುತು ಇತ್ತು.

"ಏನಮ್ಮ, ಕೋಟ್ಯಧಿಪತಿಗಳಿಗೂ ಫ್ರೀ ಟಿಕೆಟ್ಟಾ?"

"ನಾನು ಕಟ್ಟಿರೋ ತೆರಿಗೇಲಿ ನಿನ್ ಬಸ್ಸಿನ ಒಂದು ಗಾಲಿ ಬಂದೈತೆ ಕಣಪ್ಪ. ಆ ಗಾಲಿ ಮ್ಯಾಲೆ ಕುಂತಿದೀನಿ ಅಂದ್ಕ."

"ಹಂಗಾರೆ ಹಿಂದಿನ ಗಾಲಿ ಕಡೆ ಕುಂತ್ಕಳ್ರಿ, ಅದು ಎಗರ್ತೈತೆ," ಅಂದ ಅವನು. ಬಸ್ಸೆಲ್ಲ ನಕ್ಕಿತು. ಚಿತ್ತಮ್ಮನೂ ನಕ್ಕಳು, ಆದರೆ ಮುಂದಿನ ಸೀಟಿನಲ್ಲೇ ಕೂತಳು.

ಹೊಸದುರ್ಗದಲ್ಲಿ ಬಸ್ ಬದಲಿಸಿ ಶ್ರೀರಾಂಪುರಕ್ಕೆ ಹೋದಳು. ಅಲ್ಲಿ ಮುದ್ದಣ್ಣ ಎಂಬುವನ ಮೋಟರ್ ರಿಪೇರಿ ಅಂಗಡಿ. ಸುಟ್ಟ ಮೋಟರುಗಳ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಯಾವ ಕಂಪನಿಯ ಮೋಟರು ಚೆನ್ನ ಎಂದು ಜಾಹೀರಾತು ಹೇಳುತ್ತದೆ. ಯಾವುದು ಚೆನ್ನಾಗಿಲ್ಲ ಎಂದು ರಿಪೇರಿ ಅಂಗಡಿ ಹೇಳುತ್ತದೆ. ಚಿತ್ತಮ್ಮ ವರ್ಷಕ್ಕೊಮ್ಮೆ ತಪ್ಪದೆ ಇಂಥ ಅಂಗಡಿಗಳಿಗೆ ಹೋಗುತ್ತಿದ್ದಳು.

"ಬರ್ರಿ ಚಿತ್ತಕ್ಕ. ನಿಮ್ ಮೇದಿನಿ ತವ ಏನೋ ಆಗೈತಂತಲ್ಲ?" ಅಂದ ಮುದ್ದಣ್ಣ, ಕೈಯ ಗ್ರೀಸ್ ಒರೆಸಿಕೊಳ್ಳುತ್ತ.

"ಅದನ್ನ ನೀನು ಹೇಳ್ಬೇಕು. ಈ ವರ್ಷದ ಮೋಟ್ರು ಬಂದವಾ?"

"ಬಂದವೆ ಎರಡೋ ಮೂರೋ. ಕರೆಂಟು ಕುಣಿದು ಸುಟ್ಟಿದ್ದವು. ಅದಕ್ಕೆ ಯಾವ ಮೋಟ್ರಾದ್ರೂ ಸಾಯ್ತೈತೆ, ದೇವ್ರು ಮಾಡಿದ್ರೂ ಸಾಯ್ತೈತೆ."

"ತಂತಿ ತೆಳ್ಳಗೆ ಮಾಡವ್ರಾ?"

"ಇಲ್ಲ ಬಿಡ್ರಿ. ಮುದುಕ ಇದ್ದಾಗ ಹೆಂಗಿತ್ತೋ ಹಂಗೇ ಐತೆ. ಮಕ್ಳು ಕಿತ್ತಾಡ್ಲಿ, ತಂತಿ ಕಿತ್ತಾಡಾಕಿಲ್ಲ."

ಚಿತ್ತಮ್ಮನ ಎದೆ ಹಗುರಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಭಾನುವಾರ ಗಟ್ಟಿಯಾಗಿ ಮಾತಾಡಬಹುದಿತ್ತು. ಆದರೆ ತನಗೆ ಬೇಕಾದ ಉತ್ತರ ಸಿಕ್ಕಾಗಲೇ ಇನ್ನೊಬ್ಬರನ್ನು ಕೇಳಬೇಕು ಎಂಬುದೂ ಅವಳ ಅಭ್ಯಾಸ. ಮರುದಿನ ಹೊಳಲ್ಕೆರೆಗೆ ಹೋಗಿ, ಪಂಪು ಮಾರುವ ಅಂಗಡಿಯವನನ್ನು ಕೇಳಿದಳು. ಅವನು ಗೋದಾಮಿನ ಬಾಗಿಲು ತೆರೆದು ತೋರಿಸಿದ. ಮೇದಿನಿ ಮೋಟರಿನ ಪೆಟ್ಟಿಗೆಗಳು ಸೂರಿನ ತನಕ.

"ನಾನು ಕೇಳಿದ್ದು ಇದ್ರಲ್ಲಿ ಅರ್ಧ ಕಣಮ್ಮ. ತಗಳ್ರಿ ತಗಳ್ರಿ ಅಂತ ಅವ್ರೇ ಕಳ್ಸಿದ್ರು. ದುಡ್ಡು ಆಮ್ಯಾಲೆ ಕೊಡ್ರಿ ಅಂದ್ರು."

ಚಿತ್ತಮ್ಮನಿಗೆ ಅದು ಹಿಡಿಸಲಿಲ್ಲ. ಕೇಳದ ಅಂಗಡಿಗೆ ಮಾಲು ತುಂಬಿ ಮಾರಾಟವಾಯಿತೆಂದು ಲೆಕ್ಕ ತೋರಿಸುವ ಕಂಪನಿಗಳನ್ನು ಅವಳು ಕಂಡಿದ್ದಳು. ಅಥವಾ ಬೇಸಿಗೆಗೆ ಮೊದಲೇ ಮಾಲು ಇಳಿಸುವ, ಮುದುಕನ ಹಿರಿಮಗನ ಅವಸರವೂ ಇರಬಹುದು. ಸುಳಿಯೋ ರೋಗವೋ? ವಾಪಸು ಬರುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆಗಳು ಸುತ್ತುತ್ತಿದ್ದವು. ಅವಳು ಅವನ್ನೇ ನೋಡುತ್ತ ಕೂತಳು, ಉತ್ತರ ಹೊಳೆಯಲಿಲ್ಲ. ತನ್ನದಾದರೆ ಇಟ್ಟುಕೊಳ್ಳುತ್ತಿದ್ದಳು, ಅದರಲ್ಲಿ ಅನುಮಾನವಿರಲಿಲ್ಲ. ತಂಗಿಯದು?

ಭಾನುವಾರ ಓಬಳೇಶ್, ಅನುಸೂಯ, ಅವರ ಮಗ ಪ್ರದೀಪ್ ಬಂದರು. ಪ್ರದೀಪ್ ಚಿತ್ರದುರ್ಗದಲ್ಲಿ ವಿಮೆ ಏಜೆಂಟು. ಮೊಬೈಲಿನಲ್ಲಿ ತಾನೂ ಷೇರು ಆಡುವವನು. ಮಧ್ಯಸ್ಥಿಕೆಗೆಂದು ಬೋರಯ್ಯನ ತಂಗಿ ನಿಂಗಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದರು. ನಿಂಗಕ್ಕನಿಗೆ ಎಲೆಯಡಿಕೆ ಇದ್ದರೆ ಯಾವ ಪಂಚಾಯ್ತಿಯೂ ಸಮ್ಮತವೇ. ಅನುಸೂಯ ಬಂದವಳೇ ಅಕ್ಕನ ಅಡುಗೆಮನೆ ಸೇರಿ ಮಜ್ಜಿಗೆ ಕಡೆಯತೊಡಗಿದಳು.

"ದೊಡ್ಡಮ್ಮ, ಇಲ್ ನೋಡು," ಎಂದು ಪ್ರದೀಪ್ ಮೊಬೈಲ್ ಮುಂದೆ ಹಿಡಿದ. "ಎಲ್ಲಾರೂ ಮಾರು ಅಂತಾವ್ರೆ. ದೊಡ್ಡ ದೊಡ್ಡ ಕಂಪನಿಯೋರು ಬರ್ದವ್ರೆ."

"ಅವ್ರಲ್ಲಿ ಶ್ರೀರಾಂಪುರಕ್ಕೆ ಹೋಗಿ ಬಂದೋರು ಎಷ್ಟು ಜನ?"

"ಅವ್ರಿಗೆ ಕಂಪ್ಯೂಟರ್ ಐತೆ ದೊಡ್ಡಮ್ಮ."

"ನಂಗೆ ಬಸ್ ಐತೆ. ನೀನು ಕೊಂಡಿದ್ಯಲ್ಲ ಆ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ ಷೇರು, ಏನಾಯ್ತು?"

ಪ್ರದೀಪ್ ಮೊಬೈಲ್ ಜೇಬಿಗಿಟ್ಟ. ನಿಂಗಕ್ಕ ಕಿಸಕ್ಕನೆ ನಕ್ಕಳು.

ಓಬಳೇಶ್ ನಗಲಿಲ್ಲ. "ಚಿತ್ತಕ್ಕ, ಆಟ ಆಡ್ಬ್ಯಾಡ್ರಿ. ಅರ್ಧ ಹೋಯ್ತು. ಉಳಿದಿರೋ ಅರ್ಧ ಆದ್ರೂ ಉಳೀಲಿ. ಇಪ್ಪತ್ತು ವರ್ಷ ನಿಮ್ ಮಾತು ಕೇಳೀವಿ. ನಂಗೆ ನಿದ್ದೆ ಬರಾಕಿಲ್ಲ."

ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಸುಳ್ಳಲ್ಲ ಎಂದು ಚಿತ್ತಮ್ಮನಿಗೂ ಕಂಡಿತು.

"ಮಾರಿದ್ ದುಡ್ಡು ಯಾವ ಖಾತೆಗೆ ಬೀಳ್ತೈತೆ ಓಬಳೇಶಪ್ಪ?"

"ನಮ್ಮಿಬ್ರ ಜಂಟಿ ಖಾತೆಗೆ. ಇನ್ನೆಲ್ಲಿಗೆ?"

ಇದು ಚಿತ್ತಮ್ಮನದೇ ತಪ್ಪು. ಷೇರು ಕೊಳ್ಳುವಾಗ ಹೆಸರು ತಂಗಿಯದು ಹಾಕಿಸಿದ್ದಳು. ಮಾರಿದ ಹಣ ಬೀಳುವ ಖಾತೆ ಯಾವುದು ಎಂದು ನೋಡಿರಲಿಲ್ಲ. ಆಗ ಮಾರುವ ಯೋಚನೆಯೇ ಇಲ್ಲದ ಅವಳಿಗೆ ಅದು ಹೊಳೆಯಲೇ ಇಲ್ಲ. ಕೊಳ್ಳುವುದನ್ನು ಮಾತ್ರ ಕಲಿತ ದಲ್ಲಾಳಿಯ ಮಗಳು.

"ಆಮ್ಯಾಲೆ?"

"ದುರ್ಗದಾಗೆ ಒಂದು ಸೈಟು ನೋಡೀನಿ. ಅಡ್ವಾನ್ಸೂ ಕೊಟ್ಟೀನಿ."

"ಯಾರ್ ಹೆಸ್ರಿಗೆ?"

ಅಡುಗೆಮನೆಯಲ್ಲಿ ಕಡೆಗೋಲು ನಿಂತಿತು.

"ನನ್ ಹೆಸ್ರಾದ್ರೇನು, ಅವಳ್ ಹೆಸ್ರಾದ್ರೇನು? ಎಲ್ಲಾ ಒಂದೇ ಮನೆ ತಾನೆ?"

"ಎಲ್ಲಾ ಒಂದೇ ಅಂದ್ಮ್ಯಾಲೆ ಅವಳ್ ಹೆಸ್ರಿಗೇ ಮಾಡ್ಸಪ್ಪ."

ಓಬಳೇಶನ ಮುಖ ಕೆಂಪಾಯಿತು. "ನಾನೇನು ಅವಳನ್ನ ಬೀದಿಗೆ ಹಾಕ್ತೀನಾ? ಮೂವತ್ತೈದು ವರ್ಷ ಸಾಕಿಲ್ವಾ?"

"ಅವಳೂ ನಿನ್ನ ಸಾಕವ್ಳೆ. ಅವಳ್ ಹೆಸ್ರಲ್ಲಿ ಏನೈತೆ ಹೇಳು. ಒಂದು ತೆಂಗಿನ ಮರ ಐತಾ?"

"ಹಂಗಾರೆ ಈ ಷೇರು ಮುಳುಗಾಕಿಲ್ಲ ಅಂತ ಬರ್ಕೊಡ್ರಿ! ಬರ್ಕೊಡ್ರಿ ನೋಡಾಣ!"

ಇಲ್ಲಿ ಚಿತ್ತಮ್ಮ ಮುದ್ದಣ್ಣನ ಮಾತನ್ನಷ್ಟೇ ಹೇಳಿ ಗೆಲ್ಲಬಹುದಿತ್ತು. ಗೋದಾಮನ್ನು ನೋಡಿ ಬಂದದ್ದು ಅವಳಿಗೆ ಮಾತ್ರ ಗೊತ್ತು.

"ಬರ್ಕೊಡಾಕಾಗಲ್ಲ," ಅಂದಳು. "ಮೋಟ್ರು ಚೆನ್ನಾಗೈತೆ. ಆದ್ರೆ ಹೊಳಲ್ಕೆರೆ ಅಂಗಡೀಲಿ ಕೇಳದೆ ಮಾಲು ತುಂಬವ್ರೆ. ಅದು ಒಳ್ಳೇದಲ್ಲ. ರೋಗ ಇರಬಹ್ದು ಅಂತ ನಂಗೆ ಅನುಮಾನ ಐತೆ."

"ಅಂದ್ರೆ ನಿಮ್ಗೂ ಭಯ ಐತೆ!"

"ಭಯ ಇಲ್ಲ ಅಂತ ಯಾವತ್ ಹೇಳೀನಿ? ಭಯ ಐತೆ. ಭಯ ಇಟ್ಕಂಡೇ ನಲವತ್ತು ವರ್ಷ ಕುಂತೀನಿ, ಓಡಿಲ್ಲ. ನೀನು ಓಡು ಅಂತೀಯ. ಓಡೋನು ನಿನ್ ದುಡ್ಡು ಎತ್ಕಂಡು ಓಡು. ಅವಳದ್ದನ್ನ ಬಿಟ್ಟು ಓಡು."

"ಅವಳ್ ದುಡ್ಡು ಮುಳುಗಿದ್ರೆ?"

"ಮುಳುಗಾಕೆ ಬಿಡಲ್ಲ. ಅವಳ ಷೇರೆಲ್ಲ ನಾನೇ ತಗಂತೀನಿ."

ನಿಂಗಕ್ಕ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಪ್ರದೀಪ್ ಮತ್ತೆ ಮೊಬೈಲ್ ತೆಗೆದ. "ಇವತ್ತಿನ ರೇಟಿಗಾ ದೊಡ್ಡಮ್ಮ?"

"ಪ್ಯಾಟೆ ರೇಟು ಪ್ಯಾಟೆಗೆ. ನನ್ ತಂಗಿಗೆ ನಾನು ಬೇರೆ ಬೆಲೆ ಕಟ್ತೀನಿ. ಪ್ಯಾಟೇಲಿ ಮಾರಿದ್ರೆ ದುಡ್ಡು ಜಂಟಿ ಖಾತೆಗೆ ಬೀಳ್ತೈತೆ. ನಾನು ತಗಂಡ್ರೆ ಚೆಕ್ಕು ಅವಳ ಕೈಗೆ ಕೊಡ್ತೀನಿ. ಅವಳೊಬ್ಳ ಹೆಸ್ರಲ್ಲಿ ಖಾತೆ ತೆಗೀಲಿ, ಅದಕ್ಕೆ ಹಾಕ್ಲಿ."

"ರೋಗ ಐತೆ ಅಂತ ನೀವೇ ಅಂದ್ರಿ. ಹೆಚ್ಚಿಗೆ ಕೊಟ್ಟು ತಗಳಾಕೆ ಬುದ್ಧಿ ಕೆಟ್ಟೈತಾ?" ಓಬಳೇಶನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಇರಬಹ್ದು ಅಂದೆ. ಇದ್ರೆ ನನ್ ಕೊಟ್ಟಿಗೇಲಿ ಸಾಯ್ಲಿ."

"ಎಷ್ಟು ಕೊಡ್ತೀರ? ಅದನ್ನ ಹೇಳ್ರಿ ಮೊದ್ಲು. ಇಲ್ಲೇ, ಎಲ್ಲಾರ್ ಮುಂದೆ."

ಆಗ ಅನುಸೂಯ ಹೊರಗೆ ಬಂದಳು. ಮಜ್ಜಿಗೆ ಲೋಟಗಳಿರಲಿಲ್ಲ, ಬರಿಗೈ. ಕೈಯನ್ನು ಸೀರೆಗೆ ಒರೆಸಿಕೊಂಡು ಅಕ್ಕನ ಎದುರು ನೆಲದ ಮೇಲೆ ಕೂತಳು. ಗಂಡನ ಕಡೆ ನೋಡಲಿಲ್ಲ.

"ಅಕ್ಕ, ಕೈ ಕೊಡು," ಅಂದಳು.

ಚಿತ್ತಮ್ಮನಿಗೆ ಮೊದಲು ತಿಳಿಯಲಿಲ್ಲ. ಅನುಸೂಯ ಸೆರಗನ್ನು ಬಿಚ್ಚಿ ಎರಡೂ ಕೈಗಳ ಮೇಲೆ ಹೊದಿಸಿದಾಗ ತಿಳಿಯಿತು. ದನದ ಸಂತೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ಕೇಳುತ್ತಾರೆ, ಬೆರಳು ಅದುಮಿ ಒಪ್ಪುತ್ತಾರೆ. ಸುತ್ತ ಜನ ನಿಂತಿದ್ದರೂ ಬೆಲೆ ಇಬ್ಬರಿಗಷ್ಟೇ ಗೊತ್ತು. ಬೋರಯ್ಯ ಇಬ್ಬರು ಮಕ್ಕಳಿಗೂ ಅದನ್ನು ಕಡಲೆಕಾಯಿ ಇಟ್ಟು ಆಟದಂತೆ ಕಲಿಸಿದ್ದ.

"ಲಕ್ಷದ ಲೆಕ್ಕ," ಎಂದು ಅನುಸೂಯ ಗಟ್ಟಿಯಾಗಿ ಹೇಳಿದಳು, ಒಂದು ಬೆರಳಿಗೆ ಎಷ್ಟು ಎಂದು ದಲ್ಲಾಳಿಗಳು ಮೊದಲು ಹೇಳುವ ಹಾಗೆಯೇ. ಆಮೇಲೆ ಮಾತಿಲ್ಲ.

ತಂಗಿಯ ಅಂಗೈ ತೆಂಗಿನ ಸಿಪ್ಪೆ ಸುಲಿದು ಸುಲಿದು ಒರಟಾಗಿತ್ತು. ಆ ಕೈಯನ್ನು ಹಿಡಿದು ಎಷ್ಟೋ ಕಾಲವಾಗಿತ್ತು ಎಂದು ಚಿತ್ತಮ್ಮನಿಗೆ ಹೊಳೆದು, ಒಂದು ಗಳಿಗೆ ಬೆಲೆ ಕಟ್ಟುವುದನ್ನೇ ಮರೆತಳು. ಅನುಸೂಯಳೇ ಉಗುರಿನಿಂದ ಚುಚ್ಚಿ ಎಚ್ಚರಿಸಿದಳು. ಸೆರಗು ಅಲುಗಿತು. ಒಬ್ಬಳು ತಲೆಯಾಡಿಸಿದಳು, ಒಬ್ಬಳು ಹುಬ್ಬು ಗಂಟಿಕ್ಕಿದಳು. ಮತ್ತೆ ಅಲುಗಿತು.

"ಇದೇನ್ರಿ ಇದು? ಚಿತ್ತಕ್ಕ! ಲೇ ಅನ್ಸೂಯ, ಬಾಯ್ಬಿಟ್ಟು ಹೇಳೇ!" ಓಬಳೇಶ್ ಎದ್ದು ನಿಂತ.

"ಕುಂತ್ಕಳಪ್ಪ," ಅಂದಳು ನಿಂಗಕ್ಕ. "ಯಾಪಾರದ ಮಧ್ಯ ಬಾಯಿ ಹಾಕಬಾರ್ದು. ಎತ್ತು ಬೆದರ್ತೈತೆ."

"ದೊಡ್ಡಮ್ಮ, ಇದು ಲೀಗಲ್ ಅಲ್ಲ," ಅಂದ ಪ್ರದೀಪ್. "ವರ್ಗಾವಣೆ ಫಾರಂನಾಗೆ ಬೆಲೆ ಬರೀಬೇಕು. ಟ್ಯಾಕ್ಸಿಗೆ ತೋರಿಸ್ಬೇಕು."

"ತೋರಿಸ್ತೀವಿ ಕಣಪ್ಪ ಸರ್ಕಾರಕ್ಕೆ," ಎಂದಳು ಅವನ ತಾಯಿ, ಸೆರಗಿನಿಂದ ಕಣ್ಣೆತ್ತದೆ. "ನಿಮ್ಮಪ್ಪಂಗಲ್ಲ."

ಆ ಮನೆಯಲ್ಲಿ ಅಲ್ಲಿಯತನಕ ಯಾರೂ ಅನುಸೂಯಳ ಬಾಯಿಂದ ಅಂಥ ಮಾತು ಕೇಳಿರಲಿಲ್ಲ. ಓಬಳೇಶ್ ಕುರ್ಚಿಗೆ ಕುಸಿದ. ಅವನ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ದಾರಿ ತಪ್ಪಿದವನ ಕಳೆ ಇತ್ತು. ಎಷ್ಟೆಂದು ಗೊತ್ತಿದ್ದರೆ ತಾನೆ ಕೇಳುವುದು, ಬೇಡುವುದು, ಜಗಳ ಆಡುವುದು?

ಸೆರಗಿನ ಕೆಳಗೆ ಕೈಗಳು ಇನ್ನೊಂದಿಷ್ಟು ಹೊತ್ತು ಹೆಣಗಿದವು. ಕೊನೆಗೆ ಅನುಸೂಯ ಅಕ್ಕನ ಕೈಯನ್ನು ಜೋರಾಗಿ ಒಮ್ಮೆ ಕುಲುಕಿ ಬಿಟ್ಟಳು. ಸೆರಗು ಸರಿಮಾಡಿಕೊಂಡಳು.

"ಆಯ್ತು," ಅಂದಳು. "ಮಜ್ಜಿಗೆ ತರ್ತೀನಿ."

ಮರುದಿನ ಬೆಳಗ್ಗೆ ಪೇಟೆ ತೆರೆಯುವ ಹೊತ್ತಿಗೆ ಅಕ್ಕ ತಂಗಿ ಹಿರಿಯೂರಿನ ಅಂಚೆ ಕಚೇರಿಯಲ್ಲಿದ್ದರು. ಅನುಸೂಯ ತನ್ನೊಬ್ಬಳ ಹೆಸರಿನಲ್ಲಿ ಖಾತೆ ತೆರೆದಳು. ಷೇರುಗಳು ಚಿತ್ತಮ್ಮನ ಖಾತೆಗೆ ಬಂದವು. ಹಣ ಕೊಡಲು ಚಿತ್ತಮ್ಮ ತನ್ನ ಬಳಿಯಿದ್ದ ಬೇರೆ ಒಳ್ಳೆಯ ಷೇರುಗಳನ್ನು ಮಾರಿದಳು. ಅಲ್ಲಿಯತನಕ ಅವಳು ಮಾರಿದ್ದನ್ನು ಕಂಡವರಿಲ್ಲ, ಷೇರು ದಲ್ಲಾಳಿ ಕಚೇರಿಯ ಹುಡುಗಿ ಎರಡು ಸಲ ಫೋನ್ ಮಾಡಿ, "ಮಾರೋದಾ ಮೇಡಂ? ಕೊಳ್ಳೋದಲ್ವಾ?" ಎಂದು ಖಚಿತಪಡಿಸಿಕೊಂಡಳಂತೆ.

ಸೈಟು ಕೈತಪ್ಪಿ ಮುಳುಗಿದ ಅಡ್ವಾನ್ಸನ್ನು ಓಬಳೇಶ್ ತೆಂಗಿನಕಾಯಿ ಮಾರಿ ತುಂಬಿಕೊಂಡ. ಹಲವು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ಆಮೇಲೆ ಮಾತು ಶುರುವಾದಾಗ ಮೊದಲು ಕೇಳಿದ್ದೇ, "ಎಷ್ಟಕ್ಕೆ ಆಯ್ತು?"

"ನೀವು ತೆಂಗಿನಕಾಯಿ ಏನ್ ರೇಟಿಗೆ ಕೊಟ್ರಿ ಅಂತ ನಂಗ್ಯಾವತ್ತಾರ ಹೇಳೀರಾ?" ಅಂದಳು ಅನುಸೂಯ.

ಅವನು ಆ ವಾರದ ರೇಟು ಹೇಳಿದ. ಮೂವತ್ತೈದು ವರ್ಷದಲ್ಲಿ ಮೊದಲ ಸಲ. ಅವಳು ಕೇಳಿಸಿಕೊಂಡು, ಕಡಿಮೆಯಾಯಿತು, ಹೊಸದುರ್ಗದಲ್ಲಿ ಇನ್ನೂ ಸಿಗುತ್ತಿತ್ತು ಎಂದಳು. ತನ್ನದನ್ನು ಮಾತ್ರ ಹೇಳಲಿಲ್ಲ.

ಮೇದಿನಿ ಅಣ್ಣತಮ್ಮಂದಿರ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಷೇರು ಬಿದ್ದಲ್ಲಿಂದ ಸ್ವಲ್ಪ ಎದ್ದು, ಮತ್ತೆ ಬಿದ್ದು, ಈಗ ಎತ್ತಲೂ ಹೋಗದೆ ನಿಂತಿದೆ. ಹೊಳಲ್ಕೆರೆಯ ಗೋದಾಮಿನ ಪೆಟ್ಟಿಗೆಗಳಲ್ಲಿ ಕೆಲವು ಮಾರಾಟವಾಗಿವೆ, ಕೆಲವು ಇವೆ. ಆದ್ದರಿಂದ ಚಿತ್ತಮ್ಮ ಈ ಸಲ ಗೆದ್ದಳೋ ಸೋತಳೋ ಹೇಳಲು ಬರುವುದಿಲ್ಲ. ಆ ಭಾನುವಾರ ಅಕ್ಕ ಹೆಚ್ಚು ಕೊಡಲು ಹೆಣಗಿದಳೋ, ತಂಗಿ ಕಡಿಮೆ ಸಾಕೆಂದು ಹೆಣಗಿದಳೋ, ಅಥವಾ ದಲ್ಲಾಳಿಯ ಮಕ್ಕಳಲ್ಲವೇ, ಇಬ್ಬರೂ ನಿಜವಾಗಿಯೇ ಚೌಕಾಸಿ ಮಾಡಿದರೋ, ಅದೂ ಗೊತ್ತಿಲ್ಲ. ಇಬ್ಬರನ್ನೂ ಕೇಳಿದ್ದಾಯಿತು. ಇಬ್ಬರೂ ಹೇಳಲಿಲ್ಲ.